ಏಣಿ ಕಾಕಾ

ನಮ್ಮ ಆಫೀಸಿನಲ್ಲಿ ಅವರಿಗೆ ಎರಡು ಹೆಸರಿದ್ದವು. ಮೊದಮೊದಲು ಛತ್ರಿ ಕಾಕಾ, ಆಮೇಲೆ ಕೊನೆಯತನಕ ಏಣಿ ಕಾಕಾ. ಎರಡನೆಯ ಹೆಸರು ಇಟ್ಟವನು ನಾನು. ಕಳೆದ ತಿಂಗಳು ಅವರು ತೀರಿಕೊಂಡರು. ಅವರ ಮನೆಗೆ ಹೋಗಿ ಬಂದಮೇಲೆ ಈ ಹೆಸರಿನ ಕಥೆಯನ್ನು ಬರೆದಿಡಬೇಕು ಅನ್ನಿಸಿತು. ತಂದೆತಾಯಿ ಇಟ್ಟ ಹೆಸರೂ ಅವರಿಗೆ ಇತ್ತು, ದಿನಾ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಅದನ್ನೇ ದುಂಡಗೆ ಬರೆಯುತ್ತಿದ್ದರು. ಅದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅವರಿಗೆ ಸಂಕೋಚವಾಗುತ್ತಿತ್ತು.

ಸಾವಿರದ ಒಂಬೈನೂರ ಅರವತ್ತೇಳರ ಸುಮಾರಿಗೆ ನಾನು ಧಾರವಾಡದಿಂದ ಮುಂಬಯಿಗೆ ಬಂದು ಫೋರ್ಟಿನ ಒಂದು ಕಂಪನಿಯಲ್ಲಿ ಟೈಪಿಸ್ಟ್ ಆಗಿ ಸೇರಿದೆ. ಕಾಕಾ ಅಲ್ಲಿ ರೆಕಾರ್ಡ್ ರೂಮಿನಲ್ಲಿದ್ದರು. ವಿಜಾಪುರದ ಕಡೆಯವರು. ಗಿಡ್ಡ ಆಳು, ದಪ್ಪ ಕುತ್ತಿಗೆ, ಒಪ್ಪವಾಗಿ ಕತ್ತರಿಸಿದ ಮೀಸೆ. ನಡೆಯುವಾಗ ಬಲಗಾಲು ಒಂದಿಷ್ಟು ಹಿಂದುಳಿಯುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ಯಾವುದೋ ಫೈಲಿಗೆಂದು ಅವರ ಕೋಣೆಗೆ ಹೋಗಿದ್ದೆ. ಮೇಲಿನ ಕಪಾಟಿನಿಂದ ಫೈಲು ಎಳೆದುಕೊಂಡು ಸ್ಟೂಲಿನಿಂದ ದಡಕ್ಕನೆ ಕೆಳಗೆ ಜಿಗಿದೆ. ಕಾಕಾ ಕನ್ನಡಕದ ಮೇಲಿಂದ ನೋಡಿದರು.

“ಯಾವೂರು ತಮ್ಮಾ?”

“ಧಾರವಾಡರೀ.”

“ಧಾರವಾಡದಾಗ ಮಂದಿ ಒಂದ ಕಾಲಿನ ಮ್ಯಾಲೆ ಇಳೀತಾರೇನು? ಮತ್ತ ಹತ್ತು. ಎರಡೂ ಕಾಲು ಕೂಡಿಸಿ ಇಳಿ.”

ಹಿರಿಯರು, ನಮ್ಮ ಕಡೆಯವರು, ಹೊಸ ನೌಕರಿ ಬೇರೆ. ಮತ್ತೆ ಹತ್ತಿದೆ, ಇಳಿದೆ. ಹಾಗೆ ನಾಲ್ಕು ಸಲ. ನಾಲ್ಕನೆಯ ಸಲ ಇಳಿಯುವಾಗ ಹೆಡ್ ಕ್ಲಾರ್ಕ್ ಬಾಗಿಲಲ್ಲಿ ನಿಂತಿದ್ದರು. “ಹೊಸಾ ಹುಡುಗಗ ಕೆಲಸ ಕಲಸಾಕತ್ತೀನ್ರೀ ಸಾಹೇಬ್ರ” ಎಂದು ಕಾಕಾ ಗಂಭೀರವಾಗಿ ಹೇಳಿದರು. ಅದು ನನ್ನ ಮೊದಲ ಪಾಠ.

ಕಾಕಾ ಮೊದಲು ಸೈನ್ಯದಲ್ಲಿದ್ದವರು, ವಿಮಾನದಿಂದ ಜಿಗಿಯುವ ದಳದಲ್ಲಿ. ಪ್ಯಾರಾಚೂಟ್ ಎನ್ನುವ ಮಾತನ್ನು ಅವರು ಅರ್ಜಿಗಳಲ್ಲಿ ಮಾತ್ರ ಬಳಸುತ್ತಿದ್ದರು, ಬಾಯಲ್ಲಿ ಯಾವಾಗಲೂ ಛತ್ರಿ. ಒಟ್ಟು ಇಪ್ಪತ್ತೇಳು ಸಲ ಜಿಗಿದಿದ್ದರು. ಇಪ್ಪತ್ತಾರು ಸಲ ಹೂವಿನ ಹಾಗೆ ಇಳಿದಿದ್ದರಂತೆ. ಇಪ್ಪತ್ತೇಳನೆಯ ಸಲ ಆಗ್ರಾದ ಹತ್ತಿರ ಒಬ್ಬ ರೈತನ ಬಟಾಟೆ ಹೊಲದ ಮೇಲೆ ಬಂದರು. ಅವನು ಕೆಳಗೆ ನಿಂತು ಎರಡೂ ಕೈ ಎತ್ತಿ ಬಟಾಟೆ, ಬಟಾಟೆ ಎಂದು ಬೊಬ್ಬೆ ಹೊಡೆಯುತ್ತಿದ್ದ. ಪಾಪ ಅನ್ನಿಸಿ ಕಾಕಾ ಬಲಗಾಲನ್ನು ಸಾಲಿನಾಚೆ ಇಡಲು ಹೋದರು. ಕಾಲು ಬೇರೆಬೇರೆಯಾದವು, ಬಲಗಾಲಿನ ಹರಡು ಮುರಿಯಿತು, ನೌಕರಿಯೂ ಅಲ್ಲಿಗೆ ಮುಗಿಯಿತು.

“ಬಟಾಟಿ ಉಳದವೇನ್ರೀ ಕಾಕಾ?” ಎಂದು ನಾವು ಕೇಳುತ್ತಿದ್ದೆವು.

“ಒಂದೂ ಉಳೀಲಿಲ್ಲ. ಛತ್ರಿ ಗಾಳಿ ಹಿಡದು ನನ್ನ ಎಳಕೊಂಡು ಹೊಲದ ತುಂಬ ರೆಂಟಿ ಹೊಡೀತು.”

ನಮಗೆ ನಗು. ಅವರೂ ನಗುತ್ತಿದ್ದರು. ಆದರೆ ನಗು ಮುಗಿದಮೇಲೆ ತಪ್ಪದೆ ಒಂದು ಮಾತು ಬರುತ್ತಿತ್ತು: “ಒಂದ ಸಲ ಚಲೋತ್ನಂಗ ಇಳೀಬೇಕಪಾ. ಕೊನೇದು ಹಿಂಗ ಹಾಳಾಗಿ ಉಳೀಬಾರದು.” ಇಪ್ಪತ್ತೆಂಟನೆಯದು ಒಂದು ಬೇಕು, ಅದು ನೆಟ್ಟಗೆ ಇಳಿಯಬೇಕು, ಅಷ್ಟೇ. ಬಡ್ತಿ, ಸ್ವಂತ ಬ್ಲಾಕು, ಮಗಳ ಮದುವೆ ಎಂದು ಉಳಿದವರು ಹಲುಬುವ ಜಾಗದಲ್ಲಿ ಕಾಕಾನ ಹಲುಬು ಇದೊಂದೇ.

ರವಿವಾರ ಬೆಳಿಗ್ಗೆ ಪವಾಯಿ ಕೆರೆಯ ಬದಿಯಲ್ಲಿ ಅವರ ಕ್ಲಾಸು. ವಿಮಾನವಿಲ್ಲ, ಛತ್ರಿಯಿಲ್ಲ, ಇದ್ದದ್ದು ಒಂದು ಮೋಟುಗೋಡೆ ಮತ್ತು ಅದರ ಬುಡದ ಹುಲ್ಲು. ನಾನು ಜೋಗೇಶ್ವರಿಯಲ್ಲಿ ಅವರ ಚಾಳಿನ ಹಿಂದಿನ ಚಾಳಿನಲ್ಲೇ ಖೋಲಿ ಹಿಡಿದಿದ್ದರಿಂದ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ ಸದಾನಂದನೂ ಬರುತ್ತಿದ್ದ. ಮತ್ತೆ ಯಾರ್ಯಾರೋ ಬಂದು ಒಂದೆರಡು ವಾರ ಬಿದ್ದು ಎದ್ದು, ಪ್ಯಾಂಟಿನ ಮೊಣಕಾಲು ಹರಿದ ದಿನ ಮಾಯವಾಗುತ್ತಿದ್ದರು. ಎಮ್ಮೆ ಮೀಯಿಸಲು ಬಂದವರು ಬೀಡಿ ಹಚ್ಚಿಕೊಂಡು ನಮ್ಮನ್ನು ನೋಡುತ್ತ ಕೂರುತ್ತಿದ್ದರು. ಅವರಿಗೆ ಇದಕ್ಕಿಂತ ಒಳ್ಳೆಯ ಪುಕ್ಕಟೆ ತಮಾಷೆ ಆ ಕಡೆ ಇರಲಿಲ್ಲ.

ಹೊಸಬರು ಬಂದರೆ ಮೊದಲ ವಾರ ಗೋಡೆ ಹತ್ತುವ ಹಾಗೇ ಇಲ್ಲ. ಎರಡು ಮೊಣಕಾಲಿನ ನಡುವೆ ಒಂದು ಹಳೆಯ ಪೋಸ್ಟ್ ಕಾರ್ಡ್ ಸಿಕ್ಕಿಸಿಕೊಂಡು ನಿಂತಲ್ಲೇ ಕುಪ್ಪಳಿಸಬೇಕು. ಕಾರ್ಡು ಬಿತ್ತೋ ಮತ್ತೆ ಮೊದಲಿನಿಂದ. ಎರಡನೆಯ ವಾರ ಕಾರ್ಡು ಬೀಳದ ಹಾಗೆ ಪಕ್ಕಕ್ಕೆ ಉರುಳಬೇಕು. ಪಾದ, ಮೀನಖಂಡ, ತೊಡೆ, ಕುಂಡಿ, ಭುಜ, ಇದೇ ಕ್ರಮದಲ್ಲಿ ನೆಲ ಮುಟ್ಟಬೇಕು. ಗದ್ದ ಎದೆಗೆ, ಮೊಣಕೈ ಪಕ್ಕೆಗೆ. ಕಣ್ಣು ಮಾತ್ರ ದೂರದ ಗುಡ್ಡದ ಮೇಲೆ.

“ನೆಲಾ ನೋಡಬ್ಯಾಡ್ರೋ. ನೆಲಾ ಎಲ್ಲಿಗೂ ಓಡಿ ಹೋಗೂದಿಲ್ಲ, ತಾನ ಬರತೈತಿ.”

ಹೊಸಬರೆಲ್ಲರೂ ಕೇಳುವುದು ಒಂದೇ ಪ್ರಶ್ನೆ. ಸದಾನಂದನೂ ಅದನ್ನೇ ಕೇಳಿದ್ದ: “ಅಲ್ಲ ಮಾರಾಯ್ರೆ, ಛತ್ರಿ ಬಿಚ್ಚದಿದ್ರೆ ಎಂತ ಮಾಡುದು?”

“ಅದು ನಿನ್ನ ಪ್ರಶ್ನಾ ಅಲ್ಲ. ಛತ್ರಿ ಮಡಚಿದಾಂವನ ಪ್ರಶ್ನಾ. ಆಂವ ಆ ಪ್ರಶ್ನಾ ಕೇಳಿಕೊಂಡ ಮಡಚಿರತಾನ. ನೀ ಕಾಲು ಕೂಡಸು.”

ಗಾಳಿಯಲ್ಲಿ ಉಸಿರು ಕಟ್ಟುತ್ತದೆಯೇ, ಕನ್ನಡಕ ತೆಗೆಯಬೇಕೇ, ಮರದ ಮೇಲೆ ಇಳಿದರೆ ಯಾರು ಇಳಿಸುತ್ತಾರೆ, ತಿಂಡಿ ಜಿಗಿಯುವ ಮೊದಲೋ ಆಮೇಲೋ. ಎಲ್ಲದಕ್ಕೂ ಉತ್ತರವಿತ್ತು. ತಿಂಡಿಯ ಪ್ರಶ್ನೆಗೆ ಮಾತ್ರ ಅವರು ಯೋಚಿಸಿ, ಎರಡೂ ಸಲ, ಎಂದರು. ಒಮ್ಮೆ ನಾನು, ಎಷ್ಟು ಗಾಳಿ ಇದ್ದರೆ ಜಿಗಿಯಬಾರದು ಎಂದು ಕೇಳಿದೆ. “ಹೊಸಬರ ಗಾಳಿ ಬ್ಯಾರೆ, ಹಳಬರ ಗಾಳಿ ಬ್ಯಾರೆ. ಹೊಸಬರಿಗೆ ಗಿಡದ ಎಲಿ ಅಳ್ಳಾಡಿದ್ರ ಸಾಕು, ಮನಿಗೆ ಹೋಗಬೇಕು” ಎಂದರು. ಈ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ.

ಪವಾಯಿಯ ವಿದ್ಯೆಯನ್ನು ನಾನು ಬಳಸಿದ ಮೊದಲ ಜಾಗ ಜೋಗೇಶ್ವರಿ ಸ್ಟೇಷನ್. ಸಂಜೆ ಲೋಕಲ್ ಇನ್ನೂ ನಿಂತಿರಲಿಲ್ಲ. ಮುಂಬಯಿಯ ಮಂದಿ ಓಡುವ ಗಾಡಿಯಿಂದ ಮುಂದಕ್ಕೆ ಓಡುತ್ತ ಇಳಿಯುತ್ತಾರೆ, ನಾನೂ ವರ್ಷಗಟ್ಟಲೆ ಹಾಗೇ ಇಳಿದವನು. ಅವತ್ತು ಅದೇನು ಬುದ್ಧಿಯೋ, ಮೊಣಕಾಲು ಕೂಡಿಸಿ, ಗದ್ದ ಎದೆಗೆ ಒತ್ತಿ, ಕ್ರಮ ತಪ್ಪದೆ ಉರುಳಿದೆ. ಉರುಳಿ ಹೋಗಿ ಒಬ್ಬ ಮೀನಿನ ಹೆಂಗಸಿನ ಬುಟ್ಟಿಗೆ ಬಡಿದು ನಿಂತೆ. ಆಕೆ ಮರಾಠಿಯಲ್ಲಿ ನನ್ನ ಏಳು ತಲೆಮಾರನ್ನು ನೆನೆದಳು. ಟಿಫಿನ್ ಡಬ್ಬಿ ಹಳಿಗೆ ಬಿತ್ತು, ಅಂಗಿಗೆ ಬೊಂಬಿಲ್ ಮೀನಿನ ವಾಸನೆ ಮೂರು ದಿನ ಇತ್ತು. ಕಾಕಾ ಎಲ್ಲವನ್ನೂ ಕೇಳಿಸಿಕೊಂಡು, “ಮೊಣಕಾಲು ಕೂಡಿದ್ದುವೇನು?” ಎಂದಷ್ಟೇ ಕೇಳಿದರು. ಕೂಡಿದ್ದವು ಎಂದೆ. ಒಳಗೊಳಗೇ ಸಂತೋಷಪಟ್ಟು, ಮೇಲೆ ಮೇಲೆ ಬೈದರು.

ಅವರು ಮಾತ್ರ ಗಾಡಿ ಪೂರ್ತಿ ನಿಂತ ಹೊರತು ಕಾಲು ಎತ್ತುತ್ತಿರಲಿಲ್ಲ. ಗಾಡಿ ಪೂರ್ತಿ ನಿಲ್ಲುವ ಹೊತ್ತಿಗೆ ಹತ್ತುವ ಮಂದಿ ಒಳಗೆ ನುಗ್ಗಿ ಅವರನ್ನು ಹಿಂದಕ್ಕೆ ತಳ್ಳಿಬಿಡುತ್ತಿದ್ದರು. ವಾರದಲ್ಲಿ ಒಂದೆರಡು ದಿನವಾದರೂ ಕಾಕಾ ಜೋಗೇಶ್ವರಿಯಲ್ಲಿ ಇಳಿಯಲಾಗದೆ ಗೋರೆಗಾಂವಿಗೆ ಹೋಗಿ, ಎದುರು ಗಾಡಿ ಹಿಡಿದು ವಾಪಸು ಬರುತ್ತಿದ್ದರು. ವಿಮಾನದಿಂದ ಇಪ್ಪತ್ತೇಳು ಸಲ ಇಳಿದ ಮನುಷ್ಯನಿಗೆ ಲೋಕಲ್ ಗಾಡಿಯಿಂದ ಇಳಿಯಲು ಬರುವುದಿಲ್ಲ ಎಂದು ಆಫೀಸಿನಲ್ಲಿ ಹೇಳಿ ಹೇಳಿ ನಕ್ಕಿದ್ದೇವೆ.

ಊಟದ ಬಿಡುವಿನಲ್ಲಿ ನಾನು ಅವರ ಅರ್ಜಿ ಟೈಪ್ ಮಾಡುತ್ತಿದ್ದೆ. ಖಾಸಗಿ ಮನುಷ್ಯರು ಹವ್ಯಾಸಕ್ಕೆಂದು ವಿಮಾನದಿಂದ ಜಿಗಿಯಲು ಅಪ್ಪಣೆ ಕೊಡಬೇಕು ಎಂದು ಯಾವ ಯಾವ ಇಲಾಖೆಗೋ ವಿನಮ್ರ ವಿನಂತಿ. ಉತ್ತರ ಬಂದರೆ ಒಂದೇ ಸಾಲು, ಸಾಧ್ಯವಿಲ್ಲ. ಒಂದು ಕಚೇರಿಯವರಂತೂ, ಅರ್ಜಿದಾರರು ಮೇಲೆ ಹೋಗಲು ಬಯಸುವ ಕಾರಣ ತಿಳಿಸಿಲ್ಲ ಎಂದು ಬರೆದರು. “ಮ್ಯಾಲೆ ಹೋಗಾಕ ಅಲ್ಲ, ಕೆಳಗ ಬರಾಕ ಅಂತ ಬರಿ” ಎಂದು ಕಾಕಾ ಹೇಳಿದರು. ಹಾಗೇ ಟೈಪ್ ಮಾಡಿದೆ. ಅದಕ್ಕೆ ಉತ್ತರವೇ ಬರಲಿಲ್ಲ.

ಆರು ವರ್ಷದ ಮೇಲೆ ಅಪ್ಪಣೆ ಬಂತು. ಒಂದು ವಿಮಾನ ಕ್ಲಬ್ಬಿನವರು ಕಲ್ಯಾಣದಾಚೆ ಯುದ್ಧಕಾಲದ ಹಳೆಯ ರನ್‌ವೇಯ ಮೇಲೆ ಪ್ರದರ್ಶನ ಇಟ್ಟುಕೊಂಡಿದ್ದರು. ಮೂವರು ಜಿಗಿಯಬಹುದು, ಒಂದೇ ದಿನ, ಒಂದೇ ಸಲ. ಕಾಕಾ, ಸದಾನಂದ, ನಾನು. ಕ್ಲಬ್ಬಿನವರು ಮೂರು ಹಳೆಯ ಛತ್ರಿ ಕೊಟ್ಟರು. ಕಾಕಾ ಅವನ್ನು ಚಾಳಿಗೆ ತಂದು, ಉದ್ದನೆಯ ಗ್ಯಾಲರಿಯಲ್ಲಿ ಹರವಿ ಎಳೆ ಎಳೆಯಾಗಿ ನೋಡಿ ಹೊಲಿದರು. ಅದು ಹಪ್ಪಳದ ಕಾಲ. ಒಣಗಲು ಹಾಕಿದ ಹಪ್ಪಳ ತೆಗೆಯಿರಿ ಎಂದರೆ ಚಾಳಿನ ಹೆಂಗಸರು ಸುಮ್ಮನಿರುತ್ತಾರೆಯೇ. ಕೊನೆಗೆ ಬಿಸಿಲಿನ ಹೊತ್ತು ಹಪ್ಪಳಕ್ಕೆ, ಬಿಸಿಲಿಳಿದ ಮೇಲೆ ಛತ್ರಿಗೆ ಎಂದು ರಾಜಿಯಾಯಿತು. ಆ ಬಟ್ಟೆಯನ್ನು ಮುಟ್ಟಿ ನೋಡಿ, ಒಂದು ಪೋಲ್ಕ ಹೊಲಿಯುವಷ್ಟಾದರೂ ಸಿಗುತ್ತದೆಯೇ ಎಂದು ಕೇಳದ ಹೆಂಗಸಿರಲಿಲ್ಲ.

ಕಾಕಾ ಅವರ ಹೆಂಡತಿ, ನಮ್ಮೆಲ್ಲರ ಕಾಕೂ, ಮಾತ್ರ ಏನೂ ಕೇಳಲಿಲ್ಲ. ಗಾಳಿ ಎತ್ತ ಬೀಸುತ್ತದೆಂದು ತಿಳಿಯಲು ವಿಮಾನದಿಂದ ಮೊದಲು ಒಂದು ಬಣ್ಣದ ಪಟ್ಟಿ ಕೆಳಗೆ ಬಿಡುತ್ತಾರೆ. ಅದಕ್ಕೆ ಆಕೆ ತನ್ನ ಹಳೆಯ ಕೆಂಪು ಇಳಕಲ್ಲ ಸೀರೆ ಹರಿದು ಎರಡು ಉದ್ದನೆಯ ಪಟ್ಟಿ ಮಾಡಿ, ತುದಿಗೆ ತೂಕ ಹೊಲಿದು ಕೊಟ್ಟರು. ಕೊಡುವಾಗ ನಮ್ಮೆದುರಿಗೇ ಹೇಳಿದರು: “ಹೋಗಿ ಬರ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಈ ಸೀರಿ ಹೇಳಿದ್ದು ಕೇಳ್ರಿ.”

ಬೆಳಿಗ್ಗೆ ಏಳಕ್ಕೆ ಜಿಗಿಯುವುದೆಂದು ನಿಶ್ಚಯವಾಗಿತ್ತು, ಆಗ ಗಾಳಿ ಇರುವುದಿಲ್ಲ. ಆಫೀಸಿನವರು ಉಪ್ಪಿಟ್ಟಿನ ಡಬ್ಬಿ ಕಟ್ಟಿಕೊಂಡು ಬಂದಿದ್ದರು. ಮದುವೆಯಾಗಿ ವರ್ಷ ತುಂಬದ ನನ್ನ ಹೆಂಡತಿ, ಆಗ ಐದು ತಿಂಗಳ ಬಸುರಿ, ಛತ್ರಿ ಹಿಡಿದು ನಿಂತಿದ್ದಳು, ಮಳೆಯ ಛತ್ರಿ. ಎಲ್ಲ ಇತ್ತು, ಮುಖ್ಯ ಅತಿಥಿ ಮಾತ್ರ ಇರಲಿಲ್ಲ. ಅವರು ಬಂದದ್ದು ಹತ್ತು ಗಂಟೆಗೆ. ಹಾರ, ತೆಂಗಿನಕಾಯಿ, ಆಮೇಲೆ ಸಾಹಸದ ಮೇಲೆ ಮುಕ್ಕಾಲು ಗಂಟೆ ಭಾಷಣ. ಅದು ಮುಗಿದಮೇಲೆ ಅವರಿಗೆ ವಿಮಾನದ ಒಳಗೆ ಇಣುಕಿ ನೋಡುವ ಆಸೆಯಾಯಿತು. ಬಣ್ಣ ಬಳಿಯುವವರ ಒಂದು ಮರದ ಏಣಿ ತಂದು ಒರಗಿಸಿದರು. ಅಷ್ಟರಲ್ಲಿ ಶಾಮಿಯಾನದ ಜಾಲರಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಕಾಕಾ ಅದನ್ನೇ ನೋಡುತ್ತಿದ್ದರು.

ಬಾಗಿಲು ಕಳಚಿದ ಸಣ್ಣ ವಿಮಾನ. ಪೈಲಟನ ಹಿಂದೆ ನೆಲದ ಮೇಲೆ ನಾವು ಮೂವರು, ಬಾಗಿಲ ಬಳಿ ಕಾಕಾ, ಅವರ ಹಿಂದೆ ನಾನು, ನನ್ನ ಹಿಂದೆ ಸದಾನಂದ. ನಮ್ಮ ಛತ್ರಿಯ ದಾರದ ತುದಿ ವಿಮಾನಕ್ಕೆ ಕಟ್ಟಿತ್ತು. ಜಿಗಿದರೆ ಸಾಕು, ಅದೇ ಎಳೆದು ಬಿಚ್ಚುತ್ತದೆ. ಮೇಲೆ ಹೋದಮೇಲೆ ಕಾಕಾ ಮೊದಲ ಪಟ್ಟಿ ಬಿಟ್ಟರು. ಕೆಂಪು ಸೀರೆ ತಿರುಗುತ್ತ, ಜಾರುತ್ತ ಹೋಗಿ ರನ್‌ವೇ ದಾಟಿ ಕಲ್ಲು ಕ್ವಾರಿಯ ಅಂಚಿನಲ್ಲಿ ಬಿತ್ತು. ಕಾಕಾ ಪೈಲಟನಿಗೆ ಬೆರಳು ಸುತ್ತಿ ಇನ್ನೊಂದು ಸುತ್ತು ಹಾಕಿಸಿದರು. ಎರಡನೆಯ ಪಟ್ಟಿಯೂ ಅಲ್ಲೇ ಬಿತ್ತು.

ಕಾಕಾ ಎರಡೂ ಕಾಲು ಹೊರಗೆ ಇಳಿಬಿಟ್ಟು ಕೂತರು. ಪಾದ ಕೂಡಿದ್ದವು, ಮೊಣಕಾಲು ಕೂಡಿದ್ದವು. ಕೈ ಚೌಕಟ್ಟಿನ ಮೇಲಿತ್ತು. ಇನ್ನೇನು ಹೋದರು ಅಂದುಕೊಂಡೆ. ಅವರು ಹಿಂತಿರುಗಿ ನನ್ನನ್ನು ನೋಡಿದರು. ಆರು ವರ್ಷ ಕಲಿಸಿದವರ ಮುಂದೆ ಅಂಜಿಕೆ ತೋರಿಸಬಾರದೆಂದು ಹಲ್ಲು ಬಿಟ್ಟು ಹೆಬ್ಬೆಟ್ಟು ಎತ್ತಿದೆ. ಕಾಕಾ ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಒಂದು ಕಾಲು ಒಳಗೆ ಎಳೆದುಕೊಂಡರು, ಇನ್ನೊಂದು ಕಾಲು ಒಳಗೆ ಎಳೆದುಕೊಂಡರು, ಪೈಲಟನ ಭುಜ ತಟ್ಟಿ ಕೆಳಗೆ ಕೈ ಮಾಡಿದರು.

ವಿಮಾನ ನಿಂತಾಗ ಆ ಏಣಿ ಅಲ್ಲೇ ಇತ್ತು. ಕಾಕಾ ಅದರ ಮೇಲೆ ಒಂದೊಂದೇ ಮೆಟ್ಟಿಲು ಇಳಿದು, ಕೊನೆಯ ಮೆಟ್ಟಿಲಿನಿಂದ ಎರಡೂ ಕಾಲು ಕೂಡಿಸಿ ನೆಲಕ್ಕೆ ಬಂದರು. ಜನ ನಗತೊಡಗಿದರು. ಉಪ್ಪಿಟ್ಟು ತಿನ್ನುತ್ತಿದ್ದ ನಮ್ಮ ಹೆಡ್ ಕ್ಲಾರ್ಕ್, “ಏನಾತ್ರೀ?” ಎಂದರು. ಕಾಕಾ, “ಗಾಳಿ ಇತ್ರೀ” ಎಂದಷ್ಟೇ ಹೇಳಿ ಛತ್ರಿ ಬಿಚ್ಚತೊಡಗಿದರು. ನನಗೆ ಜೀವ ಉಳಿದ ನಿರಾಳ, ಹೆಂಡತಿಯ ಮುಂದೆ ಮುಖಭಂಗವಾದ ಸಿಟ್ಟು, ಎರಡೂ ಒಟ್ಟಿಗೆ ಬಂತು. ನಿರಾಳವನ್ನು ಒಳಗಿಟ್ಟುಕೊಂಡು ಸಿಟ್ಟನ್ನು ಹೊರಗೆ ಬಿಟ್ಟೆ. “ಛತ್ರಿ ಕಾಕಾ ಅಲ್ಲರೀ, ಏಣಿ ಕಾಕಾ” ಎಂದೆ. ಎಲ್ಲರೂ ನಕ್ಕರು. ಸೋಮವಾರ ಬೆಳಿಗ್ಗೆ ಆಫೀಸಿಗೆ ಬರುವಷ್ಟರಲ್ಲಿ ಹೆಸರು ನನಗಿಂತ ಮೊದಲೇ ಬಂದು ಕೂತಿತ್ತು.

ಅಪ್ಪಣೆ ಮತ್ತೆ ಸಿಗಲಿಲ್ಲ. ಕಾಕಾ ಇನ್ನೊಂದು ಅರ್ಜಿ ಟೈಪ್ ಮಾಡು ಎಂದು ನನಗೆ ಹೇಳಲೂ ಇಲ್ಲ. ರಿಟೈರ್ ಆಗುವ ತನಕ ಎಲ್ಲರೂ ಏಣಿ ಕಾಕಾ ಎಂದರು. ಪ್ಯೂನ್ ಕೂಡ. ಬೀಳ್ಕೊಡುಗೆಯ ದಿನ ಯಾರೋ ಬೆಂಡಿನಲ್ಲಿ ಗೇಣುದ್ದದ ಏಣಿ ಮಾಡಿಕೊಟ್ಟರು. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ರವಿವಾರದ ಪವಾಯಿ ಕ್ಲಾಸಿಗೆ ನಾನು ಹೋಗುವುದನ್ನು ಬಿಟ್ಟು ಆಗಲೇ ಕೆಲವು ವರ್ಷಗಳಾಗಿದ್ದವು. ಅವರು ಮಾತ್ರ ಹೊಸಬರ ಮೊಣಕಾಲಿಗೆ ಪೋಸ್ಟ್ ಕಾರ್ಡ್ ಸಿಕ್ಕಿಸುವುದನ್ನು ಬಿಡಲಿಲ್ಲ ಎಂದು ಸದಾನಂದ ಹೇಳುತ್ತಿದ್ದ.

ಸುದ್ದಿ ಬಂದ ಮಾರನೆಯ ರವಿವಾರ ಜೋಗೇಶ್ವರಿಗೆ ಹೋದೆ. ಗ್ಯಾಲರಿಯಲ್ಲಿ ಯಾರದೋ ಹಪ್ಪಳ ಒಣಗುತ್ತಿದ್ದವು. ಕಾಕೂ ಚಾಪೆ ಹಾಸಿ, ನೀರು ಕೊಟ್ಟು, “ಮಗಳು ಈಗ ಎಷ್ಟನೇತ್ತಪಾ?” ಎಂದು ಕೇಳಿದರು. ಈ ವರ್ಷ ಶಾಲೆಗೆ ಹಾಕಿದ್ದೇವೆ, ಒಂದನೇತ್ತ ಎಂದೆ. ಆಕೆ ತಲೆಯಾಡಿಸಿ ಗೋಡೆಯ ಕಡೆ ನೋಡಿದರು. ಗೂಡಿನಲ್ಲಿ ಆ ಬೆಂಡಿನ ಏಣಿ ಇತ್ತು.

“ಅವತ್ತ ಮನಿಗೆ ಬಂದು ಊಟಾ ಮಾಡಲಿಲ್ಲ” ಎಂದರು ಕಾಕೂ. “ನಾನೂ ಕೇಳಿದೆ, ಅಷ್ಟು ಗಾಳಿ ಇತ್ತೇನು ಅಂತ. ‘ನನಗೇನು ಗಾಳಿ ಅದು, ನಾ ಒಬ್ಬನ ಇದ್ದಿದ್ರ ಜಿಗೀತಿದ್ದೆ’ ಅಂದ್ರು. ‘ಆ ಹುಡುಗೂರಿಗೆ ಜಾಸ್ತಿ ಇತ್ತು. ನಾ ಜಿಗದು, ನೀವು ಬ್ಯಾಡ ಅಂದ್ರ ಕೇಳತಿದ್ರೇನು? ನನ್ನ ಹಿಂದ ಕುಂತಾಂವ ಅಂಜಿ ಬೆವತು ಹೋಗ್ಯಾನ, ಮ್ಯಾಲೆ ಹೆಬ್ಬೆಟ್ಟು ತೋರಸ್ತಾನ. ನಾ ಜಿಗದ್ರ ಆಂವ ಜಿಗೀತಾನ, ಕ್ವಾರಿಯೊಳಗ ಬೀಳತಾನ. ಆಂವನ ಹೇಣತಿ ಬಸರು ಅದಾಳ’ ಅಂದ್ರು.”

ಅವರು ಅಂದದ್ದು ಸುಳ್ಳಲ್ಲ. ಯಾರು ಬೇಡವೆಂದಿದ್ದರೂ ನಾನು ಜಿಗಿಯುತ್ತಿದ್ದೆ. ಕೆಳಗೆ ಇಡೀ ಆಫೀಸು ನಿಂತಿತ್ತು, ಅವಳು ನಿಂತಿದ್ದಳು. ಅವರು ಇಪ್ಪತ್ತೆಂಟನೆಯದನ್ನು ಬಿಟ್ಟುಕೊಟ್ಟದ್ದು ನನ್ನ ಆ ಹೆಬ್ಬೆಟ್ಟಿಗೆ. ಬದಲಿಗೆ ನಾನು ಕೊಟ್ಟದ್ದು ಆ ಹೆಸರು. ನನಗೆ ಬಹಳ ನಾಚಿಕೆಯಾಯಿತು, ತಲೆ ಎತ್ತಿ ಆಕೆಯನ್ನು ನೋಡಲು ಆಗಲಿಲ್ಲ.

“ಕಾಕೂ, ಏಣಿ ಕಾಕಾ ಅಂತ ಹೆಸರಿಟ್ಟಾಂವ ನಾನರೀ” ಎಂದೆ.

“ಗೊತ್ತಪಾ. ಅವರಿಗೂ ಗೊತ್ತಿತ್ತು” ಎಂದರು ಕಾಕೂ. “ಮಂದಿ ಹಂಗ ಕರದ್ರ ನನಗ ಸಿಟ್ಟು ಬರತಿತ್ತು. ಅವರು ನಗತಿದ್ರು. ‘ಹೆಸರು ಇಡಾಕ ಆ ಹುಡುಗ ಉಳದಾನಲ್ಲ, ಕರೀಲಿ ಬಿಡು’ ಅಂತಿದ್ರು.”